ಬೆಂಗಳೂರಿನ ಮಾಡೆಲ್, ಕೋಲಾರದ ಡೇಟಾ

ರಕ್ತ ಪರೀಕ್ಷೆಗೆ ಮುಂಚೆಯೇ ಯಾರಿಗೆ ಶುಗರ್ ಇರಬಹುದು ಅಂತ ಅಂದಾಜು ಹೇಳುವ ಕಂಪ್ಯೂಟರ್ ಮಾಡೆಲ್‌ಗಳಿವೆ. ವಯಸ್ಸು, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಮೈಮುರಿದು ಕೆಲಸ ಮಾಡುತ್ತಾರಾ, ಇಷ್ಟು ಕೇಳಿದರೆ ಆಯಿತು. ಅಂಥದ್ದೊಂದನ್ನು ಕೋಲಾರ ಜಿಲ್ಲೆಯ ಆರೋಗ್ಯ ಶಿಬಿರಗಳ ಡೇಟಾ ಮೇಲೆ ಓಡಿಸಿ ನೋಡುವುದು ನನ್ನ ಕೆಲಸ. ಮಾಡೆಲ್ ಕಲಿತದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ರೋಗಿಗಳಿಂದ.

ಮೀಟಿಂಗ್‌ನಲ್ಲಿ ಮೊದಲ ಪ್ರಶ್ನೆ, ಎಯುಸಿ ಎಷ್ಟು? ಶುಗರ್ ಇರುವವರಿಗೆ ಇಲ್ಲದವರಿಗಿಂತ ಮಾಡೆಲ್ ಜಾಸ್ತಿ ಅಂಕ ಕೊಟ್ಟಿದೆಯಾ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. 0.5 ಬಂದರೆ ಸುಮ್ನೆ ಊಹೆ, 1 ಬಂದರೆ ಪಕ್ಕಾ. ಹೊಸ ಜಾಗದಲ್ಲಿ ಇದೂ ಕುಸಿಯಬಹುದು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಅಮೆರಿಕದ ಎಪಿಕ್ ಕಂಪನಿಯದ್ದೊಂದು ಮಾಡೆಲ್ ಇದೆ, ಸೆಪ್ಸಿಸ್ ಅಂದರೆ ಸೋಂಕಿನಿಂದ ಜೀವಕ್ಕೇ ಅಪಾಯವಾಗುವ ಸ್ಥಿತಿ ಯಾರಿಗೆ ಬರಬಹುದು ಅಂತ ಹೇಳುವುದು; ಅದರ ಎಯುಸಿ ಕಂಪನಿಯೇ ಹೇಳಿಕೊಂಡದ್ದು 0.76ರಿಂದ 0.83. 2021ರಲ್ಲಿ ಮಿಷಿಗನ್‌ನ ಸಂಶೋಧಕರು ತಮ್ಮ ರೋಗಿಗಳ ಮೇಲೆ ನೋಡಿದರೆ 0.63.

ನಮ್ಮಲ್ಲಿ ಎಯುಸಿ ಪರವಾಗಿಲ್ಲ ಅನ್ನುವಷ್ಟಿತ್ತು. ಆದರೆ ಶುಗರ್ ಇರುವ ಸಾಧ್ಯತೆ ಶೇ 30 ಅಂತ ಮಾಡೆಲ್ ಹೇಳಿದವರಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಶುಗರ್ ಇರಬೇಕು ಅಲ್ವಾ? ಅಷ್ಟು ಜನ ಸಿಗಲೇ ಇಲ್ಲ. ಟೊಮೆಟೊ ಮಂಡಿಯ ತಕ್ಕಡಿ ಪ್ರತಿ ಬಾಕ್ಸ್‌ಗೂ ಎರಡು ಕೆಜಿ ಜಾಸ್ತಿ ತೋರಿಸಿದರೂ ಯಾವ ಬಾಕ್ಸ್ ಭಾರ ಅಂತ ಗೊತ್ತಾಗುತ್ತದೆ, ಲೆಕ್ಕ ಮಾತ್ರ ತಪ್ಪುತ್ತದೆ. ಹಾಗೆ ಇದು. ದೊಡ್ಡ ಆಸ್ಪತ್ರೆಗೆ ಹೋಗುವವರು ಏನಾದರೂ ತೊಂದರೆ ಕಾಣಿಸಿಕೊಂಡ ಮೇಲೆ ಹೋದವರು. ಶಿಬಿರಕ್ಕೆ ಎಷ್ಟೋ ಜನ ಬಿಪಿ ನೋಡಿಸಿಕೊಂಡು ಬರೋಣ ಅಂತ ಬಂದಿರುತ್ತಾರೆ.

ಇದಕ್ಕೆ ಮದ್ದು ಸುಲಭ. ಎಲ್ಲರ ಅಂಕವನ್ನೂ ಒಂದೇ ಹದದಲ್ಲಿ ಕೆಳಗಿಳಿಸಬಹುದು. ಮುಳಬಾಗಿಲು, ಮಾಲೂರಿನ ಡೇಟಾದಲ್ಲಿ ಹೊಂದಿಸಿ, ಶ್ರೀನಿವಾಸಪುರದ್ದರಲ್ಲಿ ಪರೀಕ್ಷಿಸಿದೆವು. ಹೊಂದಿಸಿದ ಡೇಟಾದಲ್ಲೇ ಮಾರ್ಕ್ಸ್ ಕೊಟ್ಟುಕೊಂಡರೆ ಅದು ಪರೀಕ್ಷೆಯೇ ಅಲ್ಲ.

ಇಷ್ಟಾದರೂ ಐವತ್ತು ದಾಟಿದ ಹೆಂಗಸರಲ್ಲಿ ಲೆಕ್ಕ ಕೂಡಲಿಲ್ಲ. ಅವರಿಗೆ ಮಾಡೆಲ್ ಕಡಿಮೆ ಹೇಳುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ನೋಂದಣಿ ಟೇಬಲ್ ಪಕ್ಕ ಕೂತಾಗ.

‘ಅಪ್ಪ ಅಮ್ಮನಿಗೆ ಶುಗರ್ ಇತ್ತಾ ಅಮ್ಮಾ?’ ಅಂತ ಸಿಸ್ಟರ್ ಕೇಳಿದರು.

‘ಅವರ ಕಾಲದಲ್ಲಿ ಯಾರಮ್ಮ ಟೆಸ್ಟ್ ಮಾಡಿಸ್ತಿದ್ರು?’

ಫಾರಂನಲ್ಲಿ ಇದ್ದದ್ದು ಎರಡೇ ಚೌಕ. ಸಿಸ್ಟರ್ ‘ಇಲ್ಲ’ಕ್ಕೆ ಟಿಕ್ ಹಾಕಿದರು. ಇನ್ನೇನು ಮಾಡುತ್ತಾರೆ, ಹಿಂದೆ ಅಷ್ಟುದ್ದ ಕ್ಯೂ. ಮಾಡೆಲ್‌ಗೆ ಅದು ಸೊನ್ನೆಯಾಗಿ ಹೋಗುತ್ತದೆ, ಅಂಕ ಇಳಿಯುತ್ತದೆ. ಯಾವ ಹೊಂದಾಣಿಕೆಯೂ ಇದನ್ನು ಸರಿಮಾಡುವುದಿಲ್ಲ.

ಈಗ ಫಾರಂನಲ್ಲಿ ‘ಗೊತ್ತಿಲ್ಲ’ ಅನ್ನುವ ಮೂರನೇ ಚೌಕ ಇದೆ. ಹಳೇ ಫಾರಂಗಳ ‘ಇಲ್ಲ’ದಲ್ಲಿ ಯಾವುದು ನಿಜವಾದ ‘ಇಲ್ಲ’ ಅಂತ ಹೇಳುವ ದಾರಿ ಉಳಿದಿಲ್ಲ. ಹಾಗಾಗಿ ವರದಿಯಲ್ಲಿ ಆ ಪ್ರಶ್ನೆ ಸೇರಿಸಿ ಒಂದು, ಬಿಟ್ಟು ಒಂದು, ಎರಡೂ ಫಲಿತಾಂಶ ಕೊಡುತ್ತಿದ್ದೇವೆ.