ವಿಮಾನದ ಭಯ ಇರುವಾಗ ರಜೆಗೆ ಹೇಗೆ ಹೊರಡುವುದು?

"ನಿಮಗೆ ವಿಮಾನ ಅಂದ್ರೆ ಅಷ್ಟು ಭಯ ಇತ್ತಲ್ವಾ, ಅದು ಹೇಗೆ ಹೋಯ್ತು?" ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿ ಆಗಲೇ ಟಿಕೆಟ್ ಇರುತ್ತದೆ. ರಜೆಗೆ ಇನ್ನು ಮೂರೋ ನಾಲ್ಕೋ ವಾರ ಉಳಿದಿರುತ್ತದೆ. ಮನೆಯವರೆಲ್ಲ ಹೋಗುವ ಜಾಗದ ಬಗ್ಗೆ ಮಾತಾಡುತ್ತಿರುತ್ತಾರೆ, ಇವರಿಗೆ ಮಾತ್ರ ಹೋಗುವ ದಾರಿಯದೇ ಯೋಚನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಭಯ ಪೂರ್ತಿ ಹೋಗಿಲ್ಲ. ಈಗಲೂ ವಿಮಾನ ರನ್‌ವೇ ಮೇಲೆ ಓಡಲು ಶುರು ಮಾಡಿದರೆ ಅಂಗೈ ಬೆವರುತ್ತದೆ. ಆದರೂ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇನೆ. ಭಯ ಹೋದ ಮೇಲೆ ಹಾರೋಣ ಅಂತ ಆರು ವರ್ಷ ಕಾದಿದ್ದೆ. ಅಷ್ಟು ವರ್ಷದಲ್ಲಿ ಅದು ಬೆಳೆಯಿತೇ ಹೊರತು ಕರಗಲಿಲ್ಲ. ಭಯ ಇರುವಾಗಲೇ ಹೊರಟೆ ನೋಡಿ, ಆಗ ಕರಗಲು ಶುರುವಾಯಿತು.

ಆ ಆರು ವರ್ಷ ಶುರುವಾದದ್ದು ಒಂದು ಬೋರ್ಡಿಂಗ್ ಗೇಟ್ ಎದುರು. ಮಗಳಿಗೆ ಆಗ ಏಳು ವರ್ಷ. ನಮ್ಮ ಸಾಲಿನವರನ್ನು ಕರೆದರು. ನನ್ನ ಕಾಲು ಎದ್ದೇಳಲಿಲ್ಲ. ಗಂಡ ಪಕ್ಕದಲ್ಲಿ ಕೂತು ಎಷ್ಟು ಹೊತ್ತು ಸಮಾಧಾನ ಮಾಡಿದರೋ ಗೊತ್ತಿಲ್ಲ. ಕೊನೆಗೆ ಅವರಿಬ್ಬರೇ ಹೋದರು, ನಾನು ಮನೆಗೆ ಬಂದೆ. ಬರುವ ದಾರಿಯಲ್ಲಿ ಮೈ ಎಷ್ಟು ಹಗುರವಾಯಿತು ಅಂದರೆ, ಅಂಥ ನೆಮ್ಮದಿ ನನಗೆ ವರ್ಷಗಳಿಂದ ಸಿಕ್ಕಿರಲಿಲ್ಲ. ಆ ನೆಮ್ಮದಿಯೇ ನನಗೆ ಜಾಸ್ತಿ ಕೆಡುಕು ಮಾಡಿತು ಅಂತ ಗೊತ್ತಾಗಿದ್ದು ಎಷ್ಟೋ ಕಾಲದ ನಂತರ. "ನೀನು ಹತ್ತಲಿಲ್ಲ, ಅದಕ್ಕೇ ಬದುಕಿದೆ" ಅಂತ ಮಿದುಳು ಅವತ್ತು ಪಾಠ ಕಲಿತುಬಿಟ್ಟಿತು. ಅದೇ ವಿಮಾನ ಸುಮ್ನೆ ಹಾರಿ, ಸುಮ್ನೆ ಇಳಿದದ್ದನ್ನು ನೋಡುವ ಅವಕಾಶ ಅದಕ್ಕೆ ಸಿಗಲೇ ಇಲ್ಲ. ಮುಂದಿನ ಸಲ ಟಿಕೆಟ್ ಮಾತು ಬಂದಾಗ ಭಯ ಎರಡು ಪಟ್ಟಾಗಿತ್ತು.

ಇದು ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ಬಾಹ್ಯಾಕಾಶದ ಕಥೆಗಳಿಂದ ಹೆಸರಾದ ಐಸಾಕ್ ಅಸಿಮೋವ್ ಜೀವನದಲ್ಲಿ ವಿಮಾನ ಹತ್ತಿದ್ದು ಎರಡೇ ಸಲ. ಡಚ್ ಫುಟ್‌ಬಾಲ್ ಆಟಗಾರ ಡೆನ್ನಿಸ್ ಬರ್ಗ್‌ಕ್ಯಾಂಪ್ ವಿಮಾನ ಹತ್ತುವುದನ್ನೇ ಬಿಟ್ಟು, ದೂರದ ಎಷ್ಟೋ ಪಂದ್ಯಗಳನ್ನು ಕಳೆದುಕೊಂಡರು. ಧೈರ್ಯ ಕಡಿಮೆ ಇರುವವರಿಗೆ ಬರುವ ಕಾಯಿಲೆ ಇದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನನ್ನನ್ನು ಕೇಳುವವರಿಗೆ ನಾನೂ ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ. ನಿಮಗೆ ಯಾವುದರ ಭಯ? ವಿಮಾನದ ಭಯ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಒಳಗೆ ಬೇರೆ ಬೇರೆ ಇರುತ್ತವೆ. ಕೆಲವರಿಗೆ ಬಿದ್ದುಹೋಗುತ್ತದೆ ಅನ್ನುವ ಭಯ. ಕೆಲವರಿಗೆ ಬಾಗಿಲು ಮುಚ್ಚಿದ ಮೇಲೆ ಇಳಿಯೋಕಾಗಲ್ಲ ಅನ್ನುವ ಭಯ. ಇನ್ನು ಕೆಲವರಿಗೆ ಎಲ್ಲರೆದುರು ಉಸಿರು ಕಟ್ಟಿ, ಕಿರುಚಿಬಿಟ್ಟರೆ ಅನ್ನುವ ಭಯ. ಮುಚ್ಚಿದ ಬಾಗಿಲಿಗೆ ಹೆದರುವವರಿಗೆ ರೆಕ್ಕೆ ಎಷ್ಟು ಗಟ್ಟಿ ಅಂತ ಹೇಳಿ ಏನು ಪ್ರಯೋಜನ? ಅವರಿಗೆ ಬೇಕಾದ ಮಾತು ಬೇರೆ. ಒಳಗಿನ ಗಾಳಿ ಎರಡು ಮೂರು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತಿರುತ್ತದೆ, ಅದರಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುವ ತಾಜಾ ಗಾಳಿ. ಎಷ್ಟೇ ಉಸಿರು ಕಟ್ಟಿದಂತೆ ಅನಿಸಿದರೂ ಅಲ್ಲಿ ಗಾಳಿಗೆ ಕೊರತೆ ಇಲ್ಲ. ನನ್ನದು ಮೊದಲ ಬಗೆಯದು, ಬೀಳುವ ಭಯ. ಹಾಗಾಗಿ ಮುಂದೆ ಹೇಳುವುದು ಹೆಚ್ಚಾಗಿ ಅದರ ಬಗ್ಗೆಯೇ.

ರಜೆಗೆ ಮುಂಚಿನ ವಾರಗಳೇ ನಿಜವಾದ ಕಷ್ಟ. ಹಾರಾಟ ಮೂರು ಗಂಟೆಯದು, ನನ್ನ ಸಂಕಟ ಮೂರು ವಾರದ್ದು. ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತಾ? ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು ಹುಡುಕುತ್ತಿದ್ದೆ. ಅವತ್ತಿನ ಹವಾಮಾನ ಹೇಗಿರುತ್ತದೆ? ನಾವು ಹತ್ತುವ ವಿಮಾನ ಯಾವ ಮಾಡೆಲ್? ಅದಕ್ಕೆ ಎಷ್ಟು ವಯಸ್ಸು? ಅದಕ್ಕೆ ಹಿಂದೆ ಏನಾದರೂ ಆಗಿತ್ತಾ? ಉತ್ತರ ಸಿಕ್ಕಿದ ತಕ್ಷಣ ಐದು ನಿಮಿಷ ನೆಮ್ಮದಿ. ಆರನೇ ನಿಮಿಷಕ್ಕೆ ಹೊಸ ಪ್ರಶ್ನೆ. ಗೇಟ್‌ನಿಂದ ವಾಪಸ್ ಬಂದಾಗ ಸಿಕ್ಕಿದ ನೆಮ್ಮದಿಯೂ ಇದೂ ಒಂದೇ ಜಾತಿಯವು. ಕೆರೆದಷ್ಟೂ ತುರಿಕೆ ಜಾಸ್ತಿ.

ಈಗ ನಾನು ಹಾಗೆ ಮಾಡುವುದಿಲ್ಲ. ತಿಳಿದುಕೊಳ್ಳಬೇಕಾದ್ದನ್ನು ಒಂದೇ ಸಂಜೆ ಕೂತು ಓದಿ, ಒಂದು ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆಮೇಲೆ ಹುಡುಕುವ ಆಸೆ ಬಂದರೆ ಆ ಪುಟ ಓದುತ್ತೇನೆ, ಹೊಸದೇನನ್ನೂ ಹುಡುಕುವುದಿಲ್ಲ. ಮೊದಲ ಮೂರು ನಾಲ್ಕು ದಿನ ಬಹಳ ಕಷ್ಟವಾಯಿತು, ಆಮೇಲೆ ರೂಢಿಯಾಯಿತು.

ಆ ಪುಟದಲ್ಲಿ ಏನಿದೆ ಅಂತ ಹೇಳುತ್ತೇನೆ. ಮೊದಲನೆಯದು, ಮೇಲೇರಿದ ಒಂದೆರಡು ನಿಮಿಷದಲ್ಲಿ ಆಗುವ ಆ "ಬಿದ್ದ ಹಾಗೆ" ಅನಿಸುವ ಕ್ಷಣ. ಇದು ನನ್ನನ್ನು ವರ್ಷಗಟ್ಟಲೆ ಕಾಡಿದೆ. ನೆಲ ಬಿಡುವಾಗ ಎಂಜಿನ್‌ಗಳು ಜೋರು ಶಕ್ತಿಯಲ್ಲಿ ಓಡುತ್ತಿರುತ್ತವೆ. ಸುಮಾರು 1,000 ರಿಂದ 1,500 ಅಡಿ ಏರಿದ ಮೇಲೆ ಅಷ್ಟು ಶಕ್ತಿ ಬೇಕಾಗುವುದಿಲ್ಲ, ಸ್ವಲ್ಪ ಇಳಿಸುತ್ತಾರೆ. ಸದ್ದು ತಟ್ಟನೆ ತಗ್ಗುತ್ತದೆ. ಅದೇ ಹೊತ್ತಿಗೆ ಏರುವ ಕೋನವೂ ಬದಲಾಗುತ್ತದೆ. ದೇಹದ ಸಮತೋಲನ ನೋಡಿಕೊಳ್ಳುವ ಒಳಗಿವಿ ಇದನ್ನು "ಕೆಳಗೆ ಹೋಗುತ್ತಿದ್ದೇವೆ" ಅಂತ ತಪ್ಪಾಗಿ ಓದುತ್ತದೆ. ನಿಜದಲ್ಲಿ ಆಗಲೂ ವಿಮಾನ ಏರುತ್ತಲೇ ಇರುತ್ತದೆ. ಇದನ್ನು ಓದಿದ ದಿನ ನನಗೆ ಅಳುವೇ ಬಂತು. ಎಂಜಿನ್ ನಿಂತಿತು ಅಂತ ಎಷ್ಟು ಸಲ ಸೀಟಿನ ಕೈ ಹಿಡಿದು ಕಣ್ಣು ಮುಚ್ಚಿದ್ದೆನೋ!

ಸದ್ದುಗಳು ಇನ್ನೂ ಇವೆ. ಏರಿದ ಕೂಡಲೇ ಕೇಳುವ ದಡ್ ಅನ್ನುವ ಸದ್ದು ಚಕ್ರಗಳು ಒಳಗೆ ಹೋಗಿದ್ದು. ರೆಕ್ಕೆಯ ಹತ್ತಿರದ ಗುಂಯ್ ಅನ್ನುವ ಸದ್ದು ಫ್ಲ್ಯಾಪ್‌ಗಳದ್ದು, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಚಾಚಿ ಮಡಚಿಕೊಳ್ಳುವ ಹಲಗೆಗಳದ್ದು. ಏರ್‌ಬಸ್ 320 ಬಗೆಯ ವಿಮಾನಗಳಲ್ಲಿ ನೆಲದ ಮೇಲಿರುವಾಗ ಕಾಲಡಿಯಲ್ಲಿ ನಾಯಿ ಬೊಗಳಿದ ಹಾಗೆ ಕೇಳುತ್ತದೆ. ಅದು ಹೈಡ್ರಾಲಿಕ್ ಒತ್ತಡವನ್ನು, ಅಂದರೆ ವಿಮಾನದ ಭಾಗಗಳನ್ನು ಅಲುಗಿಸುವ ದ್ರವದ ಒತ್ತಡವನ್ನು, ಸರಿದೂಗಿಸುವ ಸಾಧನ. ಇಳಿದ ಮೇಲೆ ಬರುವ ಭಾರಿ ಆರ್ಭಟ, ಎಂಜಿನ್‌ಗಳ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದರಿಂದ. ನೆಲ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆ ಎದ್ದರೂ ಗಾಬರಿ ಬೇಡ. ರನ್‌ವೇ ಖಾಲಿಯಾಗಿಲ್ಲ ಅಂತಲೋ ಗಾಳಿ ಸರಿಯಿಲ್ಲ ಅಂತಲೋ ಇನ್ನೊಂದು ಸುತ್ತು ಹಾಕುವುದು ಪೈಲಟ್‌ಗಳು ಅಭ್ಯಾಸ ಮಾಡಿಟ್ಟುಕೊಂಡಿರುವ ಕೆಲಸ. ನನ್ನ ಭಯ ಕಿವಿಯಿಂದಲೇ ಒಳಗೆ ಬರುತ್ತಿತ್ತು. ಸದ್ದಿಗೊಂದು ಹೆಸರು ಸಿಕ್ಕ ಮೇಲೆ ಬರುವ ದಾರಿ ಕಿರಿದಾಯಿತು.

ಎರಡೂ ಎಂಜಿನ್ ನಿಂತರೆ ಅನ್ನುವ ಪ್ರಶ್ನೆ ನನಗೆ ತುಂಬ ದೊಡ್ಡದಾಗಿತ್ತು. ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅಂತಲೇ ಅಂದುಕೊಂಡಿದ್ದೆ. ಅದು ತೇಲುತ್ತದೆ. ಹತ್ತು ಕಿಲೋಮೀಟರ್ ಎತ್ತರದಿಂದ ನೂರೈವತ್ತು ಕಿಲೋಮೀಟರ್ ಹತ್ತಿರ ಮುಂದಕ್ಕೆ ಜಾರುತ್ತಾ ಹೋಗಬಲ್ಲದು. 2001ರ ಆಗಸ್ಟ್‌ನಲ್ಲಿ ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ವಿಮಾನವೊಂದರ ಇಂಧನ ಸೋರಿ, ಅಟ್ಲಾಂಟಿಕ್ ಸಾಗರದ ಮೇಲೆ ಎರಡೂ ಎಂಜಿನ್ ನಿಂತವು. ಒಳಗೆ 306 ಜನ. ಸುಮಾರು 19 ನಿಮಿಷ ಎಂಜಿನ್ ಇಲ್ಲದೇ ತೇಲಿ, ಅಜೋರ್ಸ್ ದ್ವೀಪಗಳ ಒಂದು ವಾಯುನೆಲೆಯಲ್ಲಿ ಇಳಿಯಿತು. ಎಲ್ಲರೂ ಬದುಕಿದರು. ಇದನ್ನು ಕೇಳಿ ಕೆಲವರಿಗೆ ಭಯ ಜಾಸ್ತಿಯಾಗಬಹುದು. ನನಗೆ ಮಾತ್ರ ಇದು ದೊಡ್ಡ ಆಸರೆ. ಒಂದು ಎಂಜಿನ್ ನಿಂತರಂತೂ ಇನ್ನೊಂದರ ಮೇಲೆಯೇ ಗಂಟೆಗಟ್ಟಲೆ ಹಾರಲು ಈ ವಿಮಾನಗಳಿಗೆ ಅನುಮತಿ ಇರುತ್ತದೆ.

ಇನ್ನು ಕುಲುಕಾಟ. ಕಿಟಕಿಯಿಂದ ರೆಕ್ಕೆ ಬಗ್ಗುವುದನ್ನು ನೋಡಿದರೆ ಈಗ ಮುರಿಯಿತು ಅನಿಸುತ್ತದೆ, ಅಲ್ವಾ? ರೆಕ್ಕೆ ಬಗ್ಗಲೆಂದೇ ಮಾಡಿರುವುದು. ಬಳಕೆಯಲ್ಲಿ ಎದುರಾಗಬಹುದಾದ ಅತಿ ಹೆಚ್ಚು ಹೊರೆಯ ಒಂದೂವರೆ ಪಟ್ಟು ತಾಳಬೇಕು ಅನ್ನುವುದು ನಿಯಮ. 2010ರಲ್ಲಿ ಬೋಯಿಂಗ್ 787 ವಿಮಾನದ ರೆಕ್ಕೆಗಳನ್ನು ಹೀಗೆ ಪರೀಕ್ಷೆ ಮಾಡಿದಾಗ ತುದಿಗಳು ಸುಮಾರು 25 ಅಡಿ ಮೇಲಕ್ಕೆ ಬಾಗಿದವು. ನಾವು ಕಿಟಕಿಯಲ್ಲಿ ನೋಡುವುದು ಅದರ ಮುಂದೆ ಏನೇನೂ ಅಲ್ಲ. ಆದರೆ ಕುಲುಕಾಟದಿಂದ ಏನೂ ಆಗುವುದೇ ಇಲ್ಲ ಅಂತ ಹೇಳಿ ನಿಮಗೆ ಮೋಸ ಮಾಡಲಾರೆ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಪ್ರಯಾಣಿಕರು ತೀರಿಕೊಂಡರು, ಎಷ್ಟೋ ಜನಕ್ಕೆ ಪೆಟ್ಟಾಯಿತು. ಬೆಲ್ಟ್ ಹಾಕದೇ ಇದ್ದವರು ಸೀಟಿನಿಂದ ಮೇಲಕ್ಕೆ ಚಿಮ್ಮಿದ್ದರು. ವಿಮಾನ ಮಾತ್ರ ಗಟ್ಟಿಯಾಗಿಯೇ ಇತ್ತು, ಬ್ಯಾಂಕಾಕ್‌ನಲ್ಲಿ ಇಳಿಯಿತು. ಹಾಗಾಗಿ ನಾನು ಕೂತಷ್ಟು ಹೊತ್ತೂ ಬೆಲ್ಟ್ ಬಿಚ್ಚುವುದಿಲ್ಲ, ಬೆಲ್ಟ್ ಹಾಕಿ ಅನ್ನುವ ದೀಪ ಆರಿದ್ದರೂ ಅಷ್ಟೆ. ಈ ವಿಷಯದಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಇದೇ.

ಅಂಕಿಅಂಶ ಬೇಕು ಅನ್ನುವವರಿಗೆ ಒಂದು ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆರ್ನಾಲ್ಡ್ ಬಾರ್ನೆಟ್ ಲೆಕ್ಕ ಹಾಕಿದ ಪ್ರಕಾರ 2018ರಿಂದ 2022ರವರೆಗೆ ಜಗತ್ತಿನಲ್ಲಿ ವಿಮಾನ ಹತ್ತಿದ ಪ್ರತಿ 1 ಕೋಟಿ 37 ಲಕ್ಷ ಸಲಕ್ಕೆ ಒಂದು ಸಾವು. 1968ರಿಂದ 1977ರ ನಡುವೆ ಅದು ಮೂರೂವರೆ ಲಕ್ಷಕ್ಕೆ ಒಂದಿತ್ತು. ರಸ್ತೆಯಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಗಲಲ್ಲಿ ಈ ಸಂಖ್ಯೆಗಳು ನನಗೆ ಸಮಾಧಾನ ಕೊಡುತ್ತವೆ. ರಾತ್ರಿ ಎರಡು ಗಂಟೆಗೆ ಕೊಡುವುದಿಲ್ಲ. ನಿಮಗೂ ಕೊಡದಿದ್ದರೆ ಬೇಜಾರಾಗಬೇಡಿ.

ರಾತ್ರಿ ಎರಡು ಗಂಟೆಗೆ ನನಗೆ ಕೆಲಸಕ್ಕೆ ಬಂದದ್ದು ಒಂದು ನೋಟ್‌ಪುಸ್ತಕ. ಅದನ್ನು ಬರೆಯಲು ಹೇಳಿಕೊಟ್ಟವರು ನಾನು ಹೋಗಿದ್ದ ಮನಶ್ಶಾಸ್ತ್ರಜ್ಞೆ. ಪುಟದ ಮಧ್ಯೆ ಒಂದು ಗೆರೆ. ಎಡಗಡೆ "ಏನಾಗುತ್ತದೆ ಅಂದುಕೊಂಡಿದ್ದೇನೆ", ಬಲಗಡೆ "ಏನಾಯಿತು". ಭಯ ಬಂದಾಗಲೆಲ್ಲ ಎಡಗಡೆ ಬರೆಯಬೇಕು. ಬಲಗಡೆ ಇಳಿದ ಮೇಲಷ್ಟೇ ತುಂಬಬೇಕು. ಆರು ವರ್ಷದ ನಂತರದ ನನ್ನ ಮೊದಲ ಪ್ರಯಾಣಕ್ಕೆ ಎಡಗಡೆ ಹದಿನಾಲ್ಕು ಸಾಲು ಬರೆದಿದ್ದೆ. ಎಂಜಿನ್ ನಿಲ್ಲುತ್ತದೆ. ಹೃದಯಾಘಾತ ಆಗುತ್ತದೆ. ಬಾಗಿಲು ತೆಗೆಯಿರಿ ಅಂತ ಕೂಗುತ್ತೇನೆ. ಮಗಳು ನನ್ನನ್ನು ನೋಡಿ ಹೆದರುತ್ತಾಳೆ. ಹೋಟೆಲ್ ಕೋಣೆಯಲ್ಲಿ ಕೂತು ಬಲಗಡೆ ತುಂಬಿದೆ. ಹದಿನಾಲ್ಕರಲ್ಲಿ ಒಂದೇ ಒಂದು ನಿಜವಾಗಿತ್ತು: ಕೈ ನಡುಗುತ್ತದೆ. ನಡುಗಿತ್ತು. ಮಗಳು ಆ ಕೈ ಹಿಡಿದುಕೊಂಡಿದ್ದಳು.

ಮನಸ್ಸಿಗೆ ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ. ತಾನೇ ಬರೆದಿದ್ದನ್ನು ತೋರಿಸಿದರೆ ನಿಧಾನಕ್ಕೆ ನಂಬುತ್ತದೆ. ಈಗ ಆ ಪುಸ್ತಕದಲ್ಲಿ ಹನ್ನೊಂದು ಪ್ರಯಾಣಗಳಿವೆ.

ಹೊರಡುವ ದಿನಕ್ಕೆ ಒಂದೆರಡು ಸಣ್ಣ ಮಾತು. ಬೆಳಗಿನ ವಿಮಾನ ಸಿಕ್ಕರೆ ತೆಗೆದುಕೊಳ್ಳಿ, ನೆಲ ಕಾದು ಗಾಳಿ ಮೇಲೇಳುವ ಮೊದಲು ಕುಲುಕಾಟ ಕಡಿಮೆ. ರೆಕ್ಕೆಯ ಹತ್ತಿರದ ಸೀಟು ಹಿಂದಿನ ಸೀಟಿಗಿಂತ ಕಡಿಮೆ ಅಲುಗುತ್ತದೆ. ಅವತ್ತು ಕಾಫಿ ಬೇಡ, ಅದು ಎದೆ ಬಡಿತ ಏರಿಸಿ ಭಯದಂತೆಯೇ ನಟಿಸುತ್ತದೆ. ಹತ್ತುವಾಗ ಸಿಬ್ಬಂದಿಗೆ "ನನಗೆ ಭಯ" ಅಂತ ಹೇಳಿಬಿಡಿ. ನಾನು ಹೇಳಿದಾಗಲೆಲ್ಲ ಯಾರಾದರೂ ನಡುವೆ ಬಂದು ವಿಚಾರಿಸಿದ್ದಾರೆ. ಎದೆ ಜೋರಾಗಿ ಹೊಡೆದುಕೊಳ್ಳತೊಡಗಿದರೆ ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಆ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಅದರ ಜೊತೆ ಗುದ್ದಾಡಿದರೆ ಇನ್ನಷ್ಟು ಹೊತ್ತು ಇರುತ್ತದೆ. ಮಾತ್ರೆ ಬೇಕು ಅನಿಸಿದರೆ ವೈದ್ಯರನ್ನು ಕೇಳಿ, ಯಾರದೋ ಮನೆಯ ಮಾತ್ರೆ ನುಂಗಬೇಡಿ, ಮದ್ಯದ ಜೊತೆಯಂತೂ ಬೇಡವೇ ಬೇಡ. ಟಿಕೆಟ್ ಮಾಡುವ ಮಾತಿಗೇ ನಿದ್ದೆ ಹೋಗುವಷ್ಟು ಭಯ ಇದ್ದರೆ ನನ್ನ ಹಾಗೆ ಆರು ವರ್ಷ ಕಾಯದೆ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಈ ಭಯಕ್ಕೆ ಸರಿಯಾದ ಚಿಕಿತ್ಸೆ ಇದೆ.

ಜೊತೆಗೆ ಬರುವವರಿಗೂ ಒಂದು ಕೋರಿಕೆ. "ಏನೂ ಆಗಲ್ಲ ಬಿಡು" ಅನ್ನಬೇಡಿ. ಅದನ್ನು ನಾವೇ ಸಾವಿರ ಸಲ ಹೇಳಿಕೊಂಡಿರುತ್ತೇವೆ. "ಭಯ ಆಗ್ತಿದೆಯಾ? ನಾನಿದ್ದೀನಿ" ಅನ್ನಿ. ನನ್ನ ಗಂಡ ಇದನ್ನು ಕಲಿಯಲು ಸ್ವಲ್ಪ ಕಾಲ ಹಿಡಿಯಿತು. ಕಲಿತ ಮೇಲೆ ಪಕ್ಕದ ಸೀಟು ಬೇರೆಯದೇ ಜಾಗ ಆಯಿತು.

ಮುಂದಿನ ತಿಂಗಳು ಮತ್ತೆ ಹೊರಡುತ್ತಿದ್ದೇವೆ. ಈ ಸಲ ಆರು ಗಂಟೆಯ ಹಾರಾಟ, ಬಹುಪಾಲು ಸಮುದ್ರದ ಮೇಲೆ. ನಿನ್ನೆ ರಾತ್ರಿ ಎಚ್ಚರವಾಯಿತು. ಫೋನ್ ಮುಟ್ಟದೆ ಪುಸ್ತಕ ತೆಗೆದು ಎಡಗಡೆ ಬರೆದೆ: "ನೀರಿನ ಮೇಲೆ ಜೋರಾಗಿ ಕುಲುಕುತ್ತದೆ, ನಾನು ಅಳುತ್ತೇನೆ." ಬಲಗಡೆ ಖಾಲಿ ಇದೆ. ಬೆಳಗ್ಗೆ ಮಗಳು ಅದನ್ನು ಓದಿದಳು. ಏನೂ ಹೇಳಲಿಲ್ಲ, ಕಿಟಕಿ ಪಕ್ಕದ ಸೀಟು ತನಗೇ ಬೇಕು ಅಂದಳು.