ಬಸ್ಸಿನ ಹಿಂದಿನ ಚಕ್ರ ಕೊನೆಗೂ ಮಾತು ಕೇಳಿತು

ಕುಂಬಳೆ–ಬದಿಯಡ್ಕ ರಸ್ತೆಗೆ ಶಾಲೆಯ ರಸ್ತೆ ಸೇರುವಲ್ಲಿ ಒಂದು ಅಗಲ ತಿರುವಿದೆಯಲ್ಲ, ಅದು ಕೊನೆಗೂ ಹದಕ್ಕೆ ಬಂತು. ವಾಹನ ನಿಧಾನವಾಗಲಿ, ಶಾಲೆ ಮಕ್ಕಳು ಸಲೀಸಾಗಿ ದಾಟಲಿ ಎಂದು ಗೆರೆ ಎಳೆದು ಕೋನ್ ಇಟ್ಟು ಆ ತಿರುವನ್ನು ಸದ್ಯಕ್ಕೆ ಕಿರಿದು ಮಾಡಿ ನೋಡುತ್ತಿದ್ದೇವೆ. ಪಂಚಾಯತಿಗೆ ಅರ್ಜಿ, ಪೊಲೀಸರ ಒಪ್ಪಿಗೆ, ಸುಣ್ಣದ ಗೆರೆ ಎಲ್ಲ ಎಂದಿನ ಹಾಗೆ. ತಲೆ ತಿಂದದ್ದು ಬಸ್ಸಿನ ಹಿಂದಿನ ಚಕ್ರ.

ತಿರುವಿನ ಮೂಲೆಯ ಬಾಗಿನ ರೇಡಿಯಸ್ (ತ್ರಿಜ್ಯ) 10 ಮೀಟರಿನಿಂದ 5ಕ್ಕೆ ಇಳಿಸಿದ್ದೆವು, ಅಂದರೆ ತಿರುವು ಬಿಗಿಯಾಯಿತು. ವೇಗವೂ ಅರ್ಧ ಆಯಿತು ಎಂದು ಆಟೋ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿಸಬೇಡಿ. ತಿರುಗುವ ವೇಗಕ್ಕೆ ರೇಡಿಯಸ್ಸಿನ ವರ್ಗಮೂಲದ ಲೆಕ್ಕ, ಇಳಿಯುವುದು ಶೇಕಡಾ 30ರಷ್ಟು. ಮಕ್ಕಳು ದಾಟುವ ದೂರ ಕಡಿಮೆಯಾಗುವುದೇ ದೊಡ್ಡ ಲಾಭ. ಕಾರುಗಳು ಒಪ್ಪಿಕೊಂಡವು. ಬಸ್ಸಿನ ಮುಂದಿನ ಚಕ್ರ ಚೆಂದಕ್ಕೆ ಹೋಯಿತು, ಹಿಂದಿನದು ಮೂಲೆಯ ಕಡೆಗೆ ಒಳಗೆಳೆದು ಗೆರೆಯ ಮೇಲಿಟ್ಟ ಕೋನ್‌ಗಳನ್ನೆಲ್ಲ ಅಪ್ಪಚ್ಚಿ ಮಾಡಿತು. ಆ ಕೋನ್‌ಗಳೋ! ಮುಕ್ಕಾಲು ಮೀಟರಿನದ್ದಕ್ಕೆ ದುಡ್ಡು ತೆಗೆದುಕೊಂಡ ಅಂಗಡಿಯವರು ಕಳಿಸಿದ್ದು ಮೊಣಕಾಲಿಗೂ ಬಾರದ್ದು. ಫೋನ್ ಮಾಡಿದರೆ, "ಬಣ್ಣ ಅದೇ ಅಲ್ವಾ ಮಾರಾಯ್ರೇ" ಅನ್ನುತ್ತಾರೆ.

ರೇಡಿಯಸ್ ಹಿಗ್ಗಿಸಿದರೆ ಕಾರು ಮತ್ತೆ ಹಾರುತ್ತದೆ. ಹಾಗೇ ಬಿಟ್ಟರೆ ಬಸ್ಸು ಮಕ್ಕಳು ನಿಲ್ಲುವ ಜಾಗಕ್ಕೇ ಹತ್ತುತ್ತದೆ. ಅದಕ್ಕೆ ಎರಡು ಗೆರೆ ಎಳೆದೆವು. ಹೊರಗಿನ, ಅಂದರೆ ರಸ್ತೆ ಕಡೆಯ 5 ಮೀಟರ್ ರೇಡಿಯಸ್ಸಿನದ್ದು ಕಾರಿಗೆ, ಒಳಗಿನ, ಮೂಲೆ ಕಡೆಯ 7ರದ್ದು ಬಸ್ಸಿನ ಹಿಂದಿನ ಚಕ್ರಕ್ಕೆ. ನಡುವಿನ ಪಟ್ಟಿಗೆ ಬಸ್ಸು ಹತ್ತಬಹುದು, ಕಾರಿಗೆ ಮಾತ್ರ ಹತ್ತುವ ಮನಸ್ಸು ಬರಬಾರದು. ಪಕ್ಕಾ ಕೆಲಸದಲ್ಲಿ ಅಲ್ಲಿ ಒರಟು ಕಲ್ಲು ಹಾಸುತ್ತಾರೆ. ನಾವು ಮಂಜೇಶ್ವರದಿಂದ ಹಳೇ ಬೋಟಿನ ಹಗ್ಗ ತಂದು ಸಾಲಾಗಿ ಮೊಳೆ ಹೊಡೆದೆವು. ಒಮ್ಮೆ ಗಡಗಡ ಅಂದದ್ದೇ ಕಾರಿನವರು ಹೊರಗಿನ ಗೆರೆ ಹಿಡಿದರು. ಬಸ್ಸು ಹಗ್ಗದ ಮೇಲೆ ಸಲೀಸಾಗಿ ತಿರುಗಿತು. ಮಕ್ಕಳು ನಿಲ್ಲುವುದು ಒಳಗಿನ ಗೆರೆಯ ಹಿಂದೆ, ಹಾಗಾಗಿ ದಾಟುವ ದೂರದ ಲಾಭ ಸ್ವಲ್ಪ ಕೈಬಿಟ್ಟಿತು. ಅಲ್ಲಿ ಕೋನ್ ಬದಲು ಮರಳಿನ ಗೋಣಿ ಇಟ್ಟಿದ್ದೇವೆ.

ಒದ್ದೆ ಹಗ್ಗದ ಮೇಲೆ ಬೈಕು ಜಾರುತ್ತದೆ. ಮಳೆಗೆ ಮೊದಲು ಅದನ್ನು ಕೀಳಲೇಬೇಕು. ಅದರ ಬದಲು ಏನು ಹಾಕುವುದು ಎಂದು ಯೋಚಿಸುವಾಗಲೇ ಮುಂದಿನ ಹುಚ್ಚು ಹಿಡಿಯಿತು: ಚರಂಡಿ ಸ್ಲ್ಯಾಬ್. ನಮ್ಮ ಕಡೆ ಎಷ್ಟೋ ಪೇಟೆಗಳಲ್ಲಿ ಫುಟ್‌ಪಾತ್ ಎಂದರೆ ಅದೇ ತಾನೆ? ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತಿಗೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ, ರಸ್ತೆಯಿಂದ 150 ಮಿಲಿಮೀಟರ್ ಮೀರದ ಎತ್ತರ ಕೇಳಿತ್ತು. ನಮ್ಮ ಸ್ಲ್ಯಾಬುಗಳ ಮೇಲೆ ಅಂಗಡಿಯ ಬಾಳೆಗೊನೆ, ಬೈಕು, ಬೋರ್ಡು. ಒಂದೊಂದು ಕಡೆ ಸ್ಲ್ಯಾಬೇ ಇಲ್ಲ. ಮೊದಲು ಬಿರುಕುಗಳ ನಕ್ಷೆ ಮಾಡುವ ಅಂದಾಜಿದೆ. ಸ್ಲ್ಯಾಬ್ ಎತ್ತುವ ಗಟ್ಟಿ ಕೊಕ್ಕೆ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಕೋನ್ ಅಂಗಡಿಗೆ ಮಾತ್ರ ನಾನು ಮತ್ತೆ ಹೋಗುವುದಿಲ್ಲ.