ನನ್ನ ಕಡತ ನಾನೇ ಓದಿದ ದಿನ

ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಆಗ ಹಾಸನದ ಕಚೇರಿಗಳಲ್ಲಿ ಕೆಲಸ ಜಾಸ್ತಿ. ಅಂಥದ್ದೊಂದು ಬೆಳಿಗ್ಗೆ ಭಕ್ತರಿಗೆ ಕುಡಿಯುವ ನೀರು, ತಾತ್ಕಾಲಿಕ ಶೌಚಾಲಯ ಒದಗಿಸುವ ಕಡತ ನನ್ನ ಮೇಜಿಗೆ ಬಂತು. ಮಧ್ಯಾಹ್ನದೊಳಗೆ ಟಿಪ್ಪಣಿ ಮಂಡಿಸಬೇಕಿತ್ತು.

ನಾನು ಸ್ಥಳೀಯ ಸಂಸ್ಥೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಯೂನಿಕೋಡ್ ಕನ್ನಡವಾದರೆ, ಅಂದರೆ ಕನ್ನಡ ಅಕ್ಷರಗಳಿಗೆ ಕಂಪ್ಯೂಟರ್‌ನಲ್ಲಿ ತಮ್ಮದೇ ಸಂಕೇತಗಳಿದ್ದರೆ, ತೊಂದರೆಯಿಲ್ಲ. ಆದರೆ ಹಳೆಯ ಟಿಪ್ಪಣಿಗಳೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಬಗೆಯ ಆಸ್ಕಿ ಫಾಂಟ್‌ನಲ್ಲಿದ್ದವು. ಅದರಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ಕನ್ನಡ' ಎಂದು ಬರೆದಿದ್ದರೆ ನನ್ನ ಕಿವಿಗೆ ಪಿ, ಎ, ಪೌಂಡ್ ಎಂದೇನೇನೋ ಬೀಳುತ್ತದೆ.

ಇಂಥದ್ದು ಬಂದಾಗ ಪಕ್ಕದವರು ಓದಿ ಹೇಳುತ್ತಿದ್ದರು. ಒಳ್ಳೆಯ ಮನಸ್ಸೇ, ಆದರೆ ಅವರ ಕೆಲಸ ನಿಲ್ಲುತ್ತದೆ, ಅಲ್ವಾ? ಬರಬರುತ್ತ ಕಡತಗಳೇ ನನ್ನ ಕಡೆ ಬರುತ್ತಿರಲಿಲ್ಲ. ಸಂಬಳ ತಗೊಂಡು ಸುಮ್ನೆ ಕೂರುವುದು ಎಷ್ಟು ಸಂಕಟ ಎಂದು ಕೂತವರಿಗೇ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ನಮಗೆ ಕನಿಷ್ಠ ಶೇ 4ರಷ್ಟು ಮೀಸಲಿಟ್ಟಿದೆ. ಕೆಲಸ ಮಾಡಲು ಬೇಕಾದ ಅನುಕೂಲ ಮಾಡಿಕೊಡಬೇಕೆಂದೂ ಅದೇ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ.

ಅವತ್ತು ಪಕ್ಕದ ಮೇಜಿನ ಮೇಡಂ ಕೇಳಿದರು, "ಸರ್, ಇದನ್ನ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ರೆ ನೀವೇ ಓದ್ಕೋತೀರಾ?"

"ಓದ್ಕೋತೀನಿ ಮೇಡಂ, ಬರೆದೂ ಕೊಡ್ತೀನಿ."

ಕನ್ವರ್ಟರ್‌ಗೆ ಹಾಕಿದರು. ಕೆಲವು ಒತ್ತಕ್ಷರ ಕೆಟ್ಟವು, ಪಟ್ಟಿಯ ಕಾಲಂಗಳು ಚೆದುರಿದವು. ನಾನು ತಪ್ಪು ಹೇಳುತ್ತ ಹೋದೆ, ಅವರು ಮೂಲ ನೋಡಿ ಸರಿಪಡಿಸಿದರು. ಆಮೇಲೆ ಇಡೀ ಕಡತ ಹೆಡ್‌ಫೋನ್‌ನಲ್ಲಿ ಕೇಳಿದೆ. ಶೌಚಾಲಯಗಳ ಸಂಖ್ಯೆ ಇತ್ತು, ಜಾಗ ಇತ್ತು. ಗಾಲಿಕುರ್ಚಿಯಲ್ಲಿ ಬರುವವರು ಒಳಗೆ ಹೋಗುವುದು ಹೇಗೆ ಎಂಬ ಮಾತೇ ಇರಲಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಎರಡೂ ಕಡೆ ಹಿಡಿಕೆ, ಅಗಲದ ಬಾಗಿಲು ಬೇಕೆಂದು ಟಿಪ್ಪಣಿಗೆ ಸೇರಿಸಿದೆ. ಮೇಲಧಿಕಾರಿ ಓದಿ, ಒಪ್ಪಿ ಸಹಿ ಹಾಕಿದರು.

ಈಗ ನಮ್ಮ ಶಾಖೆಯಲ್ಲಿ ಹೊಸ ಟಿಪ್ಪಣಿಗಳೆಲ್ಲ ಯೂನಿಕೋಡ್‌ನಲ್ಲೇ. ಸುತ್ತೋಲೆಗಳು ಮಾತ್ರ ಇನ್ನೂ ಫೋಟೊ ಆಗಿ ವಾಟ್ಸ್ಆ್ಯಪ್‌ಗೆ ಬರುತ್ತಿವೆ. ಟೈಪ್ ಮಾಡಿದ ಮೂಲ ಪ್ರತಿಯನ್ನೇ ಕಳಿಸಿ ಎಂದು ಮೇಲಿನ ಕಚೇರಿಗೆ ಪತ್ರ ಬರೆದಿದ್ದೇನೆ. ಉತ್ತರ ಬರುವವರೆಗೂ ಬಿಡುವುದಿಲ್ಲ.